ಬೀಗದ ಕೈ ನಮ್ಮ ಮನೆಯಲ್ಲಿದ್ದ ವಾರ

(ತಿಪಟೂರು ಸೀಮೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿದ್ದಾಗ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಒಬ್ಬರು ಕೇಳಿದ ಪ್ರಶ್ನೆಯನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಕ್ ಕೈಗೆ ಕೊಡುವಾಗಲೇ "ಊಟಕ್ಕೆ ಹೊತ್ತಾಗುತ್ತೆ ಕಣಮ್ಮ, ಸ್ವಲ್ಪ ಬೇಗ ಮುಗಿಸು" ಅಂದಿದ್ದಾರೆ. ಪ್ರಯತ್ನ ಪಡುತ್ತೇನೆ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಸರ್ಕಾರಿ ಶಾಲೆ ನನಗೆ ಕಲಿಸಿದ್ದು' ಅಂತ ಅಚ್ಚಾಗಿದೆ. ಆದರೆ ನಾನು ಇಲ್ಲಿ ಒಂದನೇ ತರಗತಿಯಿಂದ ಓದಿದವಳಲ್ಲ. ನನ್ನ ಜೊತೆ ಓದಿದವರು ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ನಗುತ್ತಿದ್ದಾರೆ. ಅವರಿಗೆ ಗೊತ್ತು. ನಾನು ಬಂದದ್ದು 2003ರ ಜೂನ್‌ನಲ್ಲಿ, ಐದನೇ ತರಗತಿಗೆ, ಕಪ್ಪು ಶೂ ಬಿಳಿ ಸಾಕ್ಸ್ ಹಾಕಿಕೊಂಡು. ಅದಕ್ಕೆ ಮುಂಚೆ ನಾಲ್ಕು ವರ್ಷ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿದ್ದೆ. ವ್ಯಾನ್ ಬಂದು ಕರಕೊಂಡು ಹೋಗುತ್ತಿತ್ತು.

ಇಷ್ಟಪಟ್ಟು ಬಂದವಳೂ ಅಲ್ಲ. ನನ್ನನ್ನು ಇಲ್ಲಿಗೆ ಕಳಿಸಿದ್ದು ನುಸಿ.

ಈ ಕಡೆಯ ಹಿರಿಯರಿಗೆ ನುಸಿ ಪೀಡೆ ಅಂದರೆ ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಹೇಳುತ್ತೇನೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಅದು. ಎಳೆ ತೆಂಗಿನಕಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ರಸ ಹೀರುತ್ತದೆ. ಕಾಯಿಯ ಮೈ ಕಂದು ತಿರುಗಿ, ಬಿರುಕು ಬಿಟ್ಟು, ಮುರುಟಿಕೊಳ್ಳುತ್ತದೆ. 1990ರ ದಶಕದ ಕೊನೆಯಲ್ಲಿ ನಮ್ಮ ರಾಜ್ಯದ ತೋಟಗಳಿಗೆ ಬಂತು. ಅದರ ಬೆನ್ನಿಗೇ 2001ರಿಂದ ಸಾಲಾಗಿ ಮೂರು ವರ್ಷ ಬರ. ನಮ್ಮ ಕಡೆ ಕಾಯಿ ಅಟ್ಟ ಸೇರಿ, ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಿ ಉಂಡೆ ಕೊಬ್ಬರಿ ಆಗಬೇಕು, ಆಮೇಲೆ ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು. ನನ್ನ ಸ್ಕೂಲ್ ಫೀಸು ಅಟ್ಟದ ಮೇಲೇ ಒಣಗುತ್ತಿತ್ತು ಅನ್ನಬಹುದು. ಆ ವರ್ಷ ಅಟ್ಟ ಹತ್ತಿ ನೋಡಿದರೆ ಮೂಲೆಯಲ್ಲಿ ಒಂದು ಸಣ್ಣ ರಾಶಿ. ಅದರಲ್ಲೂ ಅರ್ಧ ನಿಂಬೆಹಣ್ಣಿನ ಗಾತ್ರದ್ದು.

ಅಪ್ಪ ಟಿ.ಸಿ. ಕೇಳಲು ಹೋದರು. ಕೊನೇ ಕಂತು ಕಟ್ಟಿ, ಆಮೇಲೆ ಟಿ.ಸಿ. ಅಂದರು. ಕಟ್ಟಲು ಆಗದೆ ತಾನೇ ಬಿಡಿಸುತ್ತಿರುವುದು, ಅಲ್ವಾ? ಎರಡು ಸಲ ಹೋಗಿ ಬರಿಗೈಲಿ ಬಂದರು. ಮೂರನೇ ಸಲ ಹೋಗಲಿಲ್ಲ. ಸೀದಾ ಈ ಶಾಲೆಗೆ ಕರಕೊಂಡು ಬಂದರು. ಆಗಿದ್ದ ಹೆಡ್ ಮೇಷ್ಟ್ರು ಅಪ್ಪನ ಮಾತು ಪೂರ್ತಿ ಕೇಳಲೂ ಇಲ್ಲ. "ಟಿ.ಸಿ. ಬರೋವಾಗ ಬರ್ಲಿ, ಮಗು ಕೂತ್ಕೊಳ್ಳಿ" ಅಂದರು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅವತ್ತು ಅದು ಆ ಮೇಷ್ಟ್ರ ದೊಡ್ಡ ಮನಸ್ಸು. ಇವತ್ತು ಅದು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ನೋಡಿ. ಎಂಟನೇ ತರಗತಿವರೆಗಿನ ಮಗು ಸರ್ಕಾರಿ ಶಾಲೆಗೆ ಬರುತ್ತೇನೆ ಅಂದರೆ ಹಳೆಯ ಶಾಲೆಯವರು ತಕ್ಷಣ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತು ಅಂತ ಇಲ್ಲಿ ಸೇರಿಸಿಕೊಳ್ಳದೆ ವಾಪಸ್ ಕಳಿಸುವ ಹಾಗಿಲ್ಲ. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳ ಮಕ್ಕಳು ನನ್ನ ಹಾಗೇ ಈ ಕಡೆ ಬಂದರು. ಆಗ ಎಷ್ಟು ತಂದೆ ತಾಯಿಗೆ ಇದು ಗೊತ್ತಿತ್ತೋ. ಗೊತ್ತಿಲ್ಲದವರಿಗೆ ನೀವು ಹೇಳಿ.

ಮೊದಲನೇ ದಿನದ ಕಥೆಗೆ ಬರೋಣ. ಹಾಜರಿ ಕರೆದಾಗ ನಾನು ಎದ್ದು ನಿಂತು "ಪ್ರೆಸೆಂಟ್ ಮಿಸ್" ಅಂದೆ. ಇಡೀ ತರಗತಿ ನಕ್ಕಿತು. ಇಲ್ಲಿ ಮಿಸ್ ಇರಲಿಲ್ಲ, ಮೇಡಂ ಇದ್ದರು. ಕೂರುವುದು ನೆಲದ ಮೇಲೆ. ಚಪ್ಪಲಿ ಹೊರಗೆ ಬಿಡಬೇಕು. ಶೂ ಲೇಸ್ ಬಿಚ್ಚಿ, ಸಾಕ್ಸ್ ಮಡಚಿ ಒಳಗಿಟ್ಟು ನಾನು ಬರುವಷ್ಟರಲ್ಲಿ ಪ್ರಾರ್ಥನೆಯೇ ಮುಗಿದಿರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಶೂ ಮನೆಯ ಮೂಲೆ ಸೇರಿತು.

ಆಗಿನ್ನೂ ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ತರಗತಿಯಲ್ಲಿ. ಒಂದನೇ ತರಗತಿಯಿಂದ ಬಂದದ್ದು 2007ರ ನಂತರ. ಹಾಗಾಗಿ ನಾನು ಬಂದ ವಾರವೇ ಮೇಡಂ ಬೋರ್ಡಿನ ಮೇಲೆ ಎ ಬಿ ಸಿ ಡಿ ಬರೆದರು. ನನಗೆ ಒಳಗೊಳಗೇ ನಗು. ಪುಸ್ತಕ ಪುಸ್ತಕವೇ ಓದುತ್ತಿದ್ದವಳು ನಾನು, ಇವರಿಗೆ ಎ ಬಿ ಸಿ ಡಿ! ಮೇಡಂ ನನ್ನ ಕೈಗೇ ಸೀಮೆಸುಣ್ಣ ಕೊಟ್ಟು ಬರೆಸಿದರು. ಕೊಂಬು ಬಂತು.

ಆ ಕೊಂಬು ಮಧ್ಯಾಹ್ನದ ಕನ್ನಡ ಪೀರಿಯಡ್‌ವರೆಗೆ ಇತ್ತು. ಎದ್ದು ನಿಂತು ಓದು ಅಂದರು. ಮನೆಯಲ್ಲಿ ಮಾತಾಡುವುದು ಕನ್ನಡ, ಬೈಯುವುದು ಕನ್ನಡ, ಆದರೆ ಓದಲು ಹೋದರೆ ಒತ್ತಕ್ಷರ ಬಂದ ಕಡೆಯೆಲ್ಲ ನಾನು ನಿಂತುಬಿಟ್ಟೆ. 'ರಾಷ್ಟ್ರ' ಅನ್ನುವ ಪದದ ಮುಂದೆ ಎಷ್ಟು ಹೊತ್ತು ನಿಂತೆ ಅಂದರೆ, ಪಕ್ಕದಲ್ಲಿ ಕೂತಿದ್ದ ಹುಡುಗಿ ತಲೆ ಎತ್ತದೆ, ತುಟಿ ಅಲ್ಲಾಡಿಸದೆ, ಅದನ್ನು ನನಗೆ ಹೇಳಿಕೊಟ್ಟಳು. ಗಣಿತದಲ್ಲಿ ಇನ್ನೊಂದು ಪಜೀತಿ. ಎಲ್‌ಸಿಎಂ ಅಂದರೆ ನನಗೆ ಗೊತ್ತು. ಬೋರ್ಡಿನ ಮೇಲೆ ಲ.ಸಾ.ಅ. ಅಂತ ಇದೆ. ಯಾವುದೋ ಊರಿನ ಹೆಸರಿರಬೇಕು ಅಂದುಕೊಂಡೆ. ಎರಡೂ ಒಂದೇ ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು.

ಆ ಹುಡುಗಿಗೂ ನನಗೂ ಒಂದು ಒಪ್ಪಂದ ಆಯಿತು. ನಾನು ಅವಳಿಗೆ ಇಂಗ್ಲಿಷ್, ಅವಳು ನನಗೆ ಒತ್ತಕ್ಷರ. ಶಾಲೆ ಬಿಟ್ಟ ಮೇಲೆ ಜಗಲಿಯ ಮೇಲೆ ಕೂತು ಕಲಿಯುತ್ತಿದ್ದೆವು. ಅವಳು ಹೇಳಿಕೊಡುವ ರೀತಿ ಮಜವಾಗಿತ್ತು. ಮೇಲಿನ ಅಕ್ಷರ ಯಜಮಾನ, ಕೆಳಗಿನದು ಅವನ ಹೆಗಲಿಗೆ ಜೋತುಬಿದ್ದ ಮಗು, ಮೊದಲು ಯಜಮಾನನನ್ನು ಅರ್ಧ ಕರಿ, ಆಮೇಲೆ ಮಗುವನ್ನು ಪೂರ್ತಿ ಕರಿ. ನನ್ನ ಮಗಳಿಗೂ ಈಗ ಹಾಗೇ ಹೇಳಿಕೊಡುತ್ತಿದ್ದೇನೆ. ಕೊಬ್ಬರಿ ಸುಲಿಯುವ ಕಾಲ ಬಂದರೆ ಆ ಹುಡುಗಿ ಅಮ್ಮನ ಜೊತೆ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಒಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದಳು. ನಮ್ಮ ಮನೆಯ ಅಟ್ಟದ ಕೆಳಗೇ ಹುಟ್ಟಿ ಬೆಳೆದ ನನಗೆ ಅದು ಬರುತ್ತಿರಲಿಲ್ಲ. ನಾನು ವ್ಯಾನ್‌ನಲ್ಲಿ ಇರುತ್ತಿದ್ದೆನಲ್ಲ!

ಈಗ ಬೀಗದ ಕೈ. ನಾನು ಇವತ್ತು ಹೇಳಬೇಕು ಅಂತ ಬಂದದ್ದೇ ಇದನ್ನು.

ನಮ್ಮ ಮೇಷ್ಟ್ರುಗಳು ತಿಪಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸು ಯಾವಾಗ ಬರುತ್ತದೆ ಅನ್ನುವುದು ಬಸ್ಸಿಗೇ ಗೊತ್ತಿರಲಿಲ್ಲ. ಹಾಗಾಗಿ ಶಾಲೆಯ ಬೀಗದ ಕೈ ಮಕ್ಕಳ ಹತ್ತಿರ ಇರುತ್ತಿತ್ತು, ವಾರಕ್ಕೊಬ್ಬರಂತೆ. ಮೂರು ಬೀಗದ ಕೈ, ಒಂದು ದಾರ, ಕಳೆದುಹೋಗದ ಹಾಗೆ ಅದಕ್ಕೊಂದು ಕರಟದ ಚೂರು ಕಟ್ಟಿದ್ದರು. ಆರನೇ ತರಗತಿಯಲ್ಲಿ ನನ್ನ ಸರದಿ ಬಂತು. ಸಂಜೆ ಮನೆಗೆ ತಂದೆ. ಅಜ್ಜಿ ಅದನ್ನು ತಗೊಂಡು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದರು. ಅಪ್ಪ ರಾತ್ರಿ ಮಲಗುವ ಮುಂಚೆ ಮೂರು ಸಲ ಕೇಳಿದರು, "ಬೀಗದ್ ಕೈ ಎಲ್ಲಿಟ್ಟಿದ್ದೀಯಾ?" ನಮ್ಮ ಮನೆ ಬೀರುವಿನ ಕೀ ಬಗ್ಗೆ ಕೂಡ ಅವರು ಅಷ್ಟು ತಲೆ ಕೆಡಿಸಿಕೊಂಡವರಲ್ಲ.

ಬೆಳಿಗ್ಗೆ ಎಂಟೂವರೆಗೆ ಹೋಗಿ ಬಾಗಿಲು ತೆಗೆಯಬೇಕು. ಕಸ ಗುಡಿಸುವುದು, ಹಂಡೆಗೆ ನೀರು ತುಂಬುವುದು, ಬೋರ್ಡಿನ ಮೇಲೆ ತಾರೀಕು ಬರೆಯುವುದು. ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುವುದು. ಗಂಟೆ ಅಂದರೆ ಜಗಲಿಯಲ್ಲಿ ನೇತುಹಾಕಿದ್ದ ಕಬ್ಬಿಣದ ಕಂಬಿ ತುಂಡು. ಬಸ್ಸು ಬಾರದಿದ್ದರೆ ಪ್ರಾರ್ಥನೆಯನ್ನೂ ನಾವೇ ಮಾಡಿಸಬೇಕು. ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಸುತ್ತಾ ಕೂರಬೇಕು. ನಮಗೆ ಮಂತ್ರಿಮಂಡಲ ಬೇರೆ ಇತ್ತು. ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಆರೋಗ್ಯ ಮಂತ್ರಿ. ಬರಗಾಲದಲ್ಲಿ ನಾನು ನೀರಾವರಿ ಮಂತ್ರಿ. ಬಾವಿ ಒಣಗಿತ್ತು. ರಾಜೀನಾಮೆ ಮಾತ್ರ ಕೊಡಲಿಲ್ಲ.

ಆ ವಾರದ ಬುಧವಾರ ಒಂದು ಎಡವಟ್ಟು ಮಾಡಿದೆ. ಅಡುಗೆ ಸಾಮಾನಿನ ಕೋಣೆಗೆ ಬೀಗ ಹಾಕುವುದನ್ನು ಮರೆತು ಆಟಕ್ಕೆ ಓಡಿದೆ. ಎರಡು ಮೇಕೆ ಒಳಗೆ ನುಗ್ಗಿ ಅಕ್ಕಿ ಚೀಲ ಹರಿದಿದ್ದವು. ನೆಲದ ತುಂಬ ಅಕ್ಕಿ, ಅದರಲ್ಲಿ ಮಣ್ಣು, ಹಿಕ್ಕೆ. ನನ್ನ ಕೈಕಾಲು ತಣ್ಣಗಾಯಿತು. ಹಳೇ ಶಾಲೆಯಲ್ಲಿ ಒಂದು ಸಲ ಕಿಟಕಿ ಗಾಜು ಒಡೆದಿದ್ದೆ. ಡೈರಿಯಲ್ಲಿ ಬರೆದು ಕಳಿಸಿದರು, ಅಪ್ಪ ಸಹಿ ಹಾಕಿ ದುಡ್ಡು ಕಟ್ಟಿದರು, ಮುಗಿಯಿತು. ಯಾರೂ ಬೈಯಲಿಲ್ಲ. ಮಾರನೇ ದಿನ ಹೊಸ ಗಾಜು ಬಂತು. ಯಾರು ಹಾಕಿದರೋ ಗೊತ್ತಿಲ್ಲ. ಇಲ್ಲಿ ಹೆಡ್ ಮೇಷ್ಟ್ರು ಬಂದು ನೋಡಿದರು. ಅಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು. "ಈಗೇನ್ ಮಾಡೋಣ, ಹೇಳು" ಅಂದರು. ನನಗೆ ಬಾಯಿ ಬರಲಿಲ್ಲ. ಪಕ್ಕದ ಮನೆಯಿಂದ ನಾಲ್ಕು ಮೊರ ಬಂದವು. ಆರು ಏಳನೇ ತರಗತಿಯವರೆಲ್ಲ ಕೂತು ಕೇರಿದೆವು, ಆರಿಸಿದೆವು. ಸಂಜೆ ಆದರೂ ಮುಗಿಯಲಿಲ್ಲ. ಮೇಕೆ ಬಾಯಿ ಹಾಕಿದ ಅಕ್ಕಿಯನ್ನು ಅಡುಗೆಗೆ ಬಿಡಲಿಲ್ಲ. ಅದಕ್ಕೆ ಬದಲು ನಮ್ಮ ಮನೆಯಿಂದ ನಾನೇ ಒಂದು ಪಾತ್ರೆ ಅಕ್ಕಿ ಹೊತ್ತು ತಂದೆ.

ಅಲ್ಲಿ ತಪ್ಪಿಗೆ ರಸೀದಿ ಕೊಡುತ್ತಿದ್ದರು. ಇಲ್ಲಿ ಮೊರ ಕೊಟ್ಟರು.

ಅಪ್ಪನಿಗೂ ಹೀಗೇ ಆಯಿತು. ಹಳೇ ಶಾಲೆಗೆ ಅವರು ಹೋಗುತ್ತಿದ್ದದ್ದು ಫೀಸು ಕಟ್ಟಲು. ಕಿಟಕಿ ಹತ್ತಿರ ನಿಂತು ಕಟ್ಟಿ ಬರುತ್ತಿದ್ದರು. ಒಳಗೆ ಎಷ್ಟು ಕೋಣೆ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ. ಇಲ್ಲಿ ಮುಂದಿನ ವರ್ಷವೇ ಅವರನ್ನು ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಸೇರಿಸಿದರು. 2001ರಲ್ಲಿ ಸರ್ಕಾರ ಆದೇಶ ಮಾಡಿ ಶಾಲೆಯ ಉಸ್ತುವಾರಿಯಲ್ಲಿ ತಂದೆ ತಾಯಿಯರನ್ನು ಕೂರಿಸಿತ್ತು. ಅಪ್ಪ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ. ಆದರೆ ನೀರಿನ ತೊಟ್ಟಿ ಸೋರುತ್ತಿದೆ ಅಂದ ದಿನ ಸಿಮೆಂಟು ಚೀಲ ಸೈಕಲ್ ಮೇಲೆ ಹೇರಿಕೊಂಡು ಬಂದರು. ಆ ತೊಟ್ಟಿಯ ಅಂಚಿನಲ್ಲಿ ಅವರ ಬೆರಳಿನ ಗುರುತು ಬಹಳ ದಿನ ಇತ್ತು. ತೊಟ್ಟಿ ಈಗಿಲ್ಲ.

ಊಟದ ವಿಷಯ ಹೇಳದಿದ್ದರೆ ಹೇಗೆ? ಬಿಸಿಯೂಟ 2002ರಲ್ಲಿ ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಯಿತು. ನಮ್ಮ ಕಡೆಗೆ ಬಂದದ್ದು 2003ರಲ್ಲಿ, ಅಂದರೆ ನಾನೂ ಬಿಸಿಯೂಟವೂ ಒಂದೇ ವರ್ಷ ಈ ಶಾಲೆಗೆ ಸೇರಿದ್ದು. ಅದಕ್ಕೆ ಮುಂಚೆ ತಿಂಗಳಿಗೆ ಮೂರು ಕೆ.ಜಿ. ಅಕ್ಕಿ ಮನೆಗೆ ಕೊಡುತ್ತಿದ್ದರಂತೆ. ಅಜ್ಜಿ ಮೊದಲೇ ಹೇಳಿದ್ದರು, "ಯಾರ್ ಮಾಡಿರ್ತಾರೋ ಏನೋ, ಅಲ್ಲಿ ಉಣ್ಬೇಡ." ಏನರ್ಥ ಅಂತ ನನಗೂ ಗೊತ್ತಿತ್ತು, ನಿಮಗೂ ಗೊತ್ತು. ಡಬ್ಬಿಯಲ್ಲಿ ರೊಟ್ಟಿ ಕಟ್ಟಿ ಕಳಿಸುತ್ತಿದ್ದರು. ನಮ್ಮಂಥವರು ಮೂರ್ನಾಲ್ಕು ಜನ ಹುಣಸೆ ಮರದ ಕೆಳಗೆ ಬೇರೆ ಕೂರುತ್ತಿದ್ದೆವು.

ಎರಡು ವಾರ ಕೂತೆ. ಆಮೇಲೆ ಎದ್ದು ಹೋಗಿ ಪಂಕ್ತಿಯಲ್ಲಿ ಕೂತೆ. ಸಮಾನತೆ ಗಿಮಾನತೆ ಏನೂ ಇರಲಿಲ್ಲ ತಲೆಯಲ್ಲಿ. ಸುಮ್ನೆ ಹೇಳಬಾರದು, ಬಿಸಿ ಬಿಸಿ ಸಾರಿನ ವಾಸನೆ. ನನ್ನ ರೊಟ್ಟಿ ತಣ್ಣಗಿತ್ತು. ರೊಟ್ಟಿ ನಾಯಿಗೆ ಹಾಕಿ, ಖಾಲಿ ಡಬ್ಬಿ ಮನೆಗೆ ತರುತ್ತಿದ್ದೆ. ಒಂದು ದಿನ ಬಿಳಿ ಶರ್ಟಿನ ಮೇಲೆ ಸಾರಿನ ಕಲೆ ಇತ್ತು. ಅಜ್ಜಿ ನೋಡಿದರು. ಬೈಗುಳ ಬರುತ್ತದೆ ಅಂತ ಕಾದೆ. "ಉಪ್ಪು ಸರಿ ಇತ್ತಾ?" ಅಂದರು. ಮಾರನೇ ದಿನದಿಂದ ಡಬ್ಬಿ ಕಟ್ಟಲಿಲ್ಲ.

ಆರನೇ ತರಗತಿಗೆ ಬಂದ ಮೇಲೆ ಊಟ ನಿಂತಿತು. ಆಗ ಅದು ಐದನೇ ತರಗತಿವರೆಗೆ ಮಾತ್ರ. 2004ರ ಅಕ್ಟೋಬರ್‌ನಲ್ಲಿ ಆರು ಏಳಕ್ಕೂ ಕೊಟ್ಟರು. ನಡುವಿನ ಆ ನಾಲ್ಕು ತಿಂಗಳು ಚಿಕ್ಕವರು ಉಣ್ಣುತ್ತಿದ್ದರೆ ನಾವು ಬಡಿಸುತ್ತಿದ್ದೆವು. ನನಗೆ ಮನೆಯಿಂದ ಮತ್ತೆ ರೊಟ್ಟಿ ಬರುತ್ತಿತ್ತು. ಪಕ್ಕದ ಹುಡುಗಿ ಏನೂ ತರುತ್ತಿರಲಿಲ್ಲ. "ಹಸಿವಿಲ್ಲ" ಅನ್ನುತ್ತಿದ್ದಳು. ನಾನು ನಂಬುತ್ತಿದ್ದೆ.

ಇನ್ನೊಂದು ಮಾತು. ಈಗಿನ ಮುಖ್ಯ ಶಿಕ್ಷಕರು ಬೇಸರ ಮಾಡಿಕೊಳ್ಳಬಾರದು, ಇವರು ಆಗ ಇರಲಿಲ್ಲ. ಕೆಲಸದ ಪಟ್ಟಿಯಲ್ಲಿ ಎಲ್ಲರ ಹೆಸರೂ ಇತ್ತು. ಗುಡಿಸುವುದು, ನೀರು, ಗಿಡ, ಎಲ್ಲಕ್ಕೂ ಸರದಿ. ಆದರೆ ಶೌಚಾಲಯಕ್ಕೆ ನೀರು ಹಾಕುವ ಕೆಲಸ ಮಾತ್ರ ಸುತ್ತಿ ಬಳಸಿ ಅದೇ ನಾಲ್ಕು ಮಕ್ಕಳ ತಲೆಗೆ ಬರುತ್ತಿತ್ತು. ಮೂರು ವರ್ಷ ಇಲ್ಲಿ ಓದಿದೆ, ನಾನದನ್ನು ಗಮನಿಸಲೇ ಇಲ್ಲ. ನನಗೆ ಒತ್ತಕ್ಷರ ಕಲಿಸಿದ ಹುಡುಗಿ ಆ ನಾಲ್ವರಲ್ಲಿ ಒಬ್ಬಳು. ಎಷ್ಟೋ ವರ್ಷ ಆದ ಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ಹೇಳಿದಳು. "ನಿನ್ ಕೈಗೆ ಬೀಗದ ಕೈ ಬಂತು. ನಮ್ ನಾಲ್ಕು ಜನಕ್ಕೆ ಒಂದ್ಸಲನೂ ಬರ್ಲಿಲ್ಲ, ನೋಡಿದ್ಯಾ?" ನಾನು ನೋಡಿರಲಿಲ್ಲ. ಬೀಗದ ಕೈ ಅಂದ ಕೂಡಲೇ ನನಗೆ ಖುಷಿ ಆಗುವುದು ಎಷ್ಟು ನಿಜವೋ, ಇದೂ ಅಷ್ಟೇ ನಿಜ. ಅದಕ್ಕೇ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದೇನೆ.

ಬಡತನ ಪಾಠ ಕಲಿಸುತ್ತದೆ, ಕೊರತೆಯಲ್ಲಿ ಓದಿದವರೇ ಗಟ್ಟಿ ಆಗುತ್ತಾರೆ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೈಸ್ಕೂಲಿಗೆ ಹೋಬಳಿಗೆ ಹೋದೆ. ನಾನು ಎಂಟನೇ ತರಗತಿಗೆ ಹೋದ 2006ರಲ್ಲೇ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು, ಅದು ಒಳ್ಳೆಯದೇ ಆಯಿತು. ಆದರೆ ಒಂಬತ್ತನೇ ತರಗತಿಯಲ್ಲಿ ಅರ್ಧ ವರ್ಷ ವಿಜ್ಞಾನಕ್ಕೆ ಮೇಷ್ಟ್ರೇ ಇರಲಿಲ್ಲ. ಸೈಕಲ್ ತುಳಿದುಕೊಂಡು ಹೋಗಿ ಖಾಲಿ ಪೀರಿಯಡ್‌ನಲ್ಲಿ ಕೂತು ಬರುತ್ತಿದ್ದೆವು. ಅದರಿಂದ ನಾನು ಯಾವ ಪಾಠವನ್ನೂ ಕಲಿಯಲಿಲ್ಲ. ವಿಜ್ಞಾನವನ್ನೂ ಕಲಿಯಲಿಲ್ಲ. ಪಿಯುಸಿಗೆ ಕಾಮರ್ಸ್ ತಗೊಂಡದ್ದು ಆಸೆಯಿಂದಲ್ಲ. ಇವತ್ತು ಸಹಕಾರ ಬ್ಯಾಂಕೊಂದರಲ್ಲಿ ಲೆಕ್ಕ ನೋಡುತ್ತಿದ್ದೇನೆ, ನೆಮ್ಮದಿಯಾಗೇ ಇದ್ದೇನೆ. ಅದು ಬೇರೆ ಮಾತು.

ಒಂದು ತಮಾಷೆ ಹೇಳುತ್ತೇನೆ. ಡಿಗ್ರಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಹೋದೆ. ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲಾತಿ ಇದೆ, ಕನ್ನಡ ಮಾಧ್ಯಮದವರಿಗೂ ಇದೆ. ಎರಡರ ನಮೂನೆಯನ್ನೂ ಹಿಡಿದುಕೊಂಡು ಹೆಡ್ ಮೇಷ್ಟ್ರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಅಂತ ಓಡಾಡಿದೆ. ಆಮೇಲೆ ಒಬ್ಬ ಗುಮಾಸ್ತರು ಕನ್ನಡಕ ಏರಿಸಿ ಓದಿ ಹೇಳಿದರು. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಓದಿರಬೇಕು. ನಾನು ಓದಿದ್ದು ಐದರಿಂದ. ನಾಲ್ಕು ವರ್ಷ ಪೇಟೆಯಲ್ಲಿ ವ್ಯಾನ್ ಹತ್ತಿದ್ದಕ್ಕೆ ನಾನು ಹಳ್ಳಿಯವಳೂ ಅಲ್ಲ, ಕನ್ನಡದವಳೂ ಅಲ್ಲ. ಹಳೇ ಶಾಲೆಯ ಕಡೆಯಿಂದ ನೋಡಿದರೆ ಇಂಗ್ಲಿಷಿನವಳೂ ಅಲ್ಲ. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಕೂತು ಒಬ್ಬಳೇ ನಕ್ಕೆ.

ಮೇಷ್ಟ್ರು, ಮೇಡಂಗಳು ಇಲ್ಲಿದ್ದೀರಿ. ಖಾಸಗಿ ಶಾಲೆಯಿಂದ ಬಂದ ಮಗುವನ್ನು ಅಧಿಕಾರಿಗಳು ಬಂದಾಗ ಎದ್ದು ನಿಲ್ಲಿಸಿ ಇಂಗ್ಲಿಷ್ ಓದಿಸಬೇಡಿ. ನನ್ನನ್ನು ನಿಲ್ಲಿಸುತ್ತಿದ್ದರು. ನಾನು ಓದುವಾಗ ಪಕ್ಕದವಳು ನೆಲ ನೋಡುತ್ತಿದ್ದಳು. ಆ ಮಗುವಿಗೆ ಬೀಗದ ಕೈ ಕೊಡಿ. ಆದರೆ ಮೊದಲು ಪಟ್ಟಿ ತೆಗೆದು ನೋಡಿ, ಯಾರಿಗೆ ಇನ್ನೂ ಕೊಟ್ಟಿಲ್ಲ ಅಂತ.

ನನ್ನ ಮಾತು ಇಷ್ಟೇ.

(ಇಷ್ಟು ಹೇಳಿ ಕೂರುವಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಅಪ್ಪನ ಜೊತೆ ಎಸ್‌ಡಿಎಂಸಿಯಲ್ಲಿ ಇದ್ದವರು.)

"ಎಲ್ಲಾ ಸರಿ ಕಣವ್ವ. ನಿನ್ ಮಗಳುನ್ನ ಯಾವ್ ಸ್ಕೂಲಿಗೆ ಹಾಕಿದ್ದೀಯಾ?"

ಸಭೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಹೇಳಿದೆ.

ತುಮಕೂರಿನಲ್ಲಿ, ಖಾಸಗಿ ಶಾಲೆಯಲ್ಲಿ, ಯುಕೆಜಿ, ಮಾವ. ಫೀಸು ಫೋನಿನಲ್ಲೇ ಕಟ್ಟುತ್ತೇನೆ. ಗೇಟಿನ ಒಳಗೆ ಹೋಗಿರುವುದು ಎರಡೇ ಸಲ. ಅಪ್ಪ ನಿಂತ ಹಾಗೇ ನಾನೂ ಹೊರಗೇ ನಿಲ್ಲುತ್ತೇನೆ. ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ನೋಡಿ ಬಂದೆ. ಹದಿನಾಲ್ಕು ಮಕ್ಕಳು, ಇಬ್ಬರು ಮೇಡಂ. ನಾನು ಹೋದ ದಿನ ಒಬ್ಬರು ಯಾವುದೋ ಗಣತಿ ಕೆಲಸಕ್ಕೆ ಹೋಗಿದ್ದರು. ಇನ್ನೊಬ್ಬರು ಐದೂ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದರು. ಚೆನ್ನಾಗಿಯೇ ಪಾಠ ಮಾಡುತ್ತಿದ್ದರು. ಆದರೂ ನನಗೆ ಧೈರ್ಯ ಬರಲಿಲ್ಲ. ಸ್ವಲ್ಪ ದೂರದಲ್ಲಿ ಇಂಗ್ಲಿಷ್ ಮಾಧ್ಯಮ ಇರುವ ಸರ್ಕಾರಿ ಶಾಲೆ ಇದೆ. 2019ರಲ್ಲಿ ಸಾವಿರ ಶಾಲೆಗಳಲ್ಲಿ ಶುರು ಮಾಡಿದರಲ್ಲ, ಅಂಥದ್ದು. ಅಲ್ಲಿಂದಲೂ ಒಂದು ಅರ್ಜಿ ತಂದಿಟ್ಟಿದ್ದೇನೆ. ಜೂನ್‌ಗೆ ಒಂದನೇ ತರಗತಿ. ಮನೆಯಲ್ಲಿ ದಿನಾ ಇದೇ ಜಗಳ.

"ಹಂಗಾದ್ರೆ ನಮಗ್ಯಾಕವ್ವ ಇಷ್ಟೆಲ್ಲಾ ಹೇಳ್ದೆ?" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಯಾರೋ ಹುಡುಗ ಊಟಕ್ಕೆ ಗಂಟೆ ಹೊಡೆದ. ಅದೇ ಕಂಬಿ ತುಂಡು. ಪಂಕ್ತಿಯಲ್ಲಿ ಮಾವ ನನ್ನ ಪಕ್ಕದಲ್ಲೇ ಬಂದು ಕೂತರು. ಅಪ್ಪನ ಮಂಡಿ ನೋವು ಹೇಗಿದೆ ಅಂತ ವಿಚಾರಿಸಿದರು. ಕೊಬ್ಬರಿ ರೇಟು ಮಾತಾಡಿದೆವು. ಮಗಳ ವಿಷಯ ಮತ್ತೆ ಎತ್ತಲಿಲ್ಲ.